ಕಂಬದಿಂದ ಬಸವಣ್ಣನ ತನಕ

ದೇವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಸಿರುಗುಪ್ಪದಲ್ಲಿ, ಏಪ್ರಿಲ್ ತಿಂಗಳ ಒಂದು ಸೋಮವಾರ, ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯ ನಡುವೆ. ಆಗ ನನಗೆ ಇಪ್ಪತ್ತಾರು ವರ್ಷ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಪರೀಕ್ಷೆಗೆ ಕೂತದ್ದು ಅದು ಮೂರನೆಯ ಸಲ. ಮೊದಲ ಸಲ ತವರೂರು ಕುರುಗೋಡಿನಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಗಣಿತವೊಂದರಲ್ಲಿ ನಪಾಸಾಗಿದ್ದೆ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಎರಡನೆಯ ಸಲ ಕಟ್ಟಿದೆ. ಮತ್ತೆ ಅದೇ ಗಣಿತ. ಮೂರನೆಯ ಸಲ ಪರೀಕ್ಷಾ ಕೇಂದ್ರ ಸಿರುಗುಪ್ಪಕ್ಕೆ ಬಿತ್ತು. ಈ ಸಲ ಹಾಗಾಗಕೂಡದೆಂದು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಸೋಮವಾರ ಬಸವಣ್ಣನಿಗೆ ಉಪವಾಸ, ಮಂಗಳವಾರ ದುರ್ಗಮ್ಮನಿಗೆ, ಶನಿವಾರ ಹನುಮಪ್ಪನಿಗೆ. ಗುರುವಾರ ಸುಮ್ಮನೆ ಖಾಲಿ ಬಿದ್ದಿತ್ತು. ಪಕ್ಕದ ಮನೆಯ ವೈಷ್ಣವರು ಹೇಳಿದರೆಂದು ಅದನ್ನೂ ಮಂತ್ರಾಲಯಕ್ಕೆ ಬಿಟ್ಟುಕೊಟ್ಟೆ. ವಾರದಲ್ಲಿ ಉಣ್ಣುವ ದಿನಕ್ಕಿಂತ ಉಣ್ಣದ ದಿನವೇ ಜಾಸ್ತಿಯಾಯಿತು. ಉಪವಾಸದ ದಿನ ತಲೆ ಸುತ್ತುತ್ತದೆ, ಉಂಡ ದಿನ ನಿದ್ದೆ ಬರುತ್ತದೆ. ಓದುವುದು ಯಾವಾಗ?

ಪರೀಕ್ಷೆಯ ದಿನ ಸೋಮವಾರ ಬಂದದ್ದನ್ನು ಶುಭಶಕುನವೆಂದೇ ತಿಳಿದು, ಹನಿ ನೀರನ್ನೂ ಮುಟ್ಟದೆ ಹೋಗಿ ಕೂತೆ. ಸಿರುಗುಪ್ಪದ ಬಿಸಿಲಿಗೆ ಯಾರ ಹರಕೆಯ ಮುಲಾಜೂ ಇಲ್ಲ. ಮೊದಲ ಲೆಕ್ಕ ಬರೆದೆ, ಎರಡನೆಯದು ಅರ್ಧ ಬರೆದೆ, ಅಷ್ಟರಲ್ಲಿ ಅಂಕಿಗಳು ಕಾಗದ ಬಿಟ್ಟು ಓಡಾಡತೊಡಗಿದವು. ಕಣ್ಣು ಬಿಟ್ಟಾಗ ಶಾಲೆಯ ಪಡಸಾಲೆಯಲ್ಲಿ ಮಲಗಿದ್ದೆ. ಕೊಠಡಿಯ ಮೇಲ್ವಿಚಾರಕರಾಗಿದ್ದ ಮುದುಕ ಮೇಷ್ಟ್ರು ನನ್ನ ಪ್ರಶ್ನೆಪತ್ರಿಕೆಯಿಂದಲೇ ನನಗೆ ಗಾಳಿ ಹಾಕುತ್ತಿದ್ದರು.

"ಮುಂಜಾನಿಂದ ಏನೂ ತಿಂದಿಲ್ಲೇನವಾ?"

"ಇವತ್ತು ಸೋಮವಾರ ಅಲ್ಲೇನ್ರಿ," ಅಂದೆ.

ಅವರು ಹಣೆ ಚಚ್ಚಿಕೊಂಡು ಮಜ್ಜಿಗೆ ತರಿಸಿದರು. ಕುಡಿದೆ. ಉಪವಾಸವೂ ಕೆಟ್ಟಿತು, ಪರೀಕ್ಷೆಯೂ ಕೆಟ್ಟಿತು. ಬಳ್ಳಾರಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು, ಕುರುಗೋಡಿನ ದೊಡ್ಡ ಬಸವಣ್ಣನನ್ನು ಮನಸ್ಸಿನಲ್ಲೇ ಬೈದೆ. ಎರಡಾಳೆತ್ತರದ ಮೈ ಹೊತ್ತು ಕೂತಿದ್ದೀಯಲ್ಲ, ಹುಟ್ಟಿದಾಗಿನಿಂದ ನಿನ್ನ ಮುಂದೆ ಕೈ ಮುಗಿದಿದ್ದೇನೆ, ಮೂವತ್ತೈದು ಮಾರ್ಕು ಕೊಡಿಸಲು ನಿನ್ನ ಗಂಟೇನು ಹೋಗುತ್ತಿತ್ತು ಎಂದು ಜಗಳ ತೆಗೆದೆ. ಬಸವಣ್ಣ ಎಂದಿನಂತೆ ಸುಮ್ಮನಿದ್ದ.

ಇಲ್ಲದಿದ್ದರೆ ಬದುಕೇ ಇಲ್ಲ ಅನ್ನುವಷ್ಟು ಆ ಮೂವತ್ತೈದು ಮಾರ್ಕು ನನಗೆ ಬೇಕಾಗಿತ್ತು. ಕಂಟೋನ್ಮೆಂಟಿನ ಒಂದು ಸಣ್ಣ ಶಾಲೆಯಲ್ಲಿ ಒಂದನೆಯ ತರಗತಿಗೆ ನನ್ನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ಮೂಗು ಸೋರಿಸಿಕೊಂಡು ಬರುವ ಆ ಮಕ್ಕಳ ಮುಂದೆ ನಿಂತಾಗ ಮಾತ್ರ ನಾನು ಯಾರದೋ ಮಗಳು, ಯಾರದೋ ಸೊಸೆ ಅಲ್ಲದೆ ನಾನೇ ಆಗಿರುತ್ತಿದ್ದೆ. ಮಗ್ಗಿ ಹೇಳಿಸುವುದೆಂದರೆ ನನಗೆ ಹಬ್ಬ. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು, ಆದರೆ ಕಾಗದಪತ್ರಕ್ಕೆ ಹೆದರುವವರು. ಜೂನ್ ತಿಂಗಳಲ್ಲಿ ಕರೆದು ನೆಟ್ಟಗೆ ಹೇಳಿದರು.

"ಅಕ್ಟೋಬರದಾಗ ಇನ್ನೊಮ್ಮಿ ಪರೀಕ್ಷಾ ಐತಿ. ಪಾಸಾದ್ರ ನಿಮ್ಮ ಹೆಸರು ಕಾಯಂ ಆಗಾಕ ಬರೀತೀನಿ. ಇಲ್ಲಾಂದ್ರ ಇನ್ಸ್‌ಪೆಕ್ಟರು ಬರೂದರೊಳಗ ನಿಮ್ಮನ್ನ ಬಿಡಿಸಬೇಕಾಗತೈತ್ರಿ. ಗಣಿತ ಪಾಸಾಗದಾಕಿ ಮಕ್ಕಳಿಗೆ ಮಗ್ಗಿ ಕಲಸ್ತಾಳಂತ ಯಾರಾರ ಬರದ್ರ ನಾನೇನು ಹೇಳ್ಲಿ?"

ಮನೆಗೆ ಬಂದು ಅತ್ತೆಗೆ ಹೇಳಿದೆ. ನನ್ನ ಅತ್ತೆ ಸಿರುಗುಪ್ಪದವರು. ವಿಧವೆಯಾಗಿ, ಒಬ್ಬನೇ ಮಗನನ್ನು ಓದಿಸಿ, ಅದಿರು ಸಾಗಿಸುವ ಕಂಪನಿಯೊಂದರಲ್ಲಿ ಗುಮಾಸ್ತನನ್ನಾಗಿ ಮಾಡಿದ ಹೆಂಗಸು. ತಾವು ಮಾತ್ರ ಶಾಲೆಯ ಹೊಸಿಲು ತುಳಿದವರಲ್ಲ. ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತಿಲ್ಲ, ಎಲ್ಲದಕ್ಕೂ ಹೆಬ್ಬೆಟ್ಟು. ಆದರೆ ಸೊಸೆ ಓದಬೇಕೆಂಬ ಹಟ ಸೊಸೆಗಿಂತ ಅವರಿಗೇ ಹೆಚ್ಚು.

"ಉಪಾಸ ಸಾಲಲಿಲ್ಲ ಅಂತ ಕಾಣ್ತೈತಿ," ಅಂದರು ಅತ್ತೆ. "ಈ ಸಲ ಬ್ಯಾರೆ ಏನಾರ ಹಿಡಿಬೇಕು."

ಆ ಬೇರೆ ಏನೋ ಎಂಬುದು ನಮ್ಮ ಮನೆಯ ಮುಂಭಾಗದಲ್ಲೇ ಬಾಡಿಗೆಗಿತ್ತು. ನಾವಿದ್ದದ್ದು ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ. ಮುಂದಿನ ಕೋಣೆಗಳಲ್ಲಿ ಜಪಾನಿನವರೊಬ್ಬರಿದ್ದರು. ತಮ್ಮ ದೇಶಕ್ಕೆ ಹೋಗುವ ಅದಿರಿನ ಮಾದರಿ ಪರೀಕ್ಷಿಸಲು ಬಂದ ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹಗಲೆಲ್ಲ ಕೆಂಪು ಧೂಳಿನಲ್ಲಿ ಓಡಾಡಿ, ಸಂಜೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಗಳನ್ನು ಕಣ್ಣಲ್ಲಿ ನೀರು ಸುರಿಸಿಕೊಂಡು ತಿನ್ನುತ್ತಿದ್ದರು, ಬಿಡುತ್ತಿರಲಿಲ್ಲ. ಅತ್ತೆ ಎದುರಾದರೆ ಸೊಂಟ ಬಗ್ಗಿಸಿ ವಂದಿಸುವರು. ತಿರುಗಿ ವಂದಿಸದಿದ್ದರೆ ಸರಿಯಲ್ಲವೆಂದು ಅತ್ತೆಯೂ ಬಗ್ಗುವರು. ಅವರು ಮತ್ತೆ ಬಗ್ಗುವರು. ಇವರಿಬ್ಬರ ಈ ಪಂದ್ಯ ಮುಗಿಯುವವರೆಗೆ ನಾನು ಬಾಗಿಲಲ್ಲಿ ಕೊಡ ಹಿಡಿದು ನಿಲ್ಲಬೇಕಾಗುತ್ತಿತ್ತು. ಕನ್ನಡ ಬಾರದವರಿಗೆಲ್ಲ ತೆಲುಗು ಬಂದೇ ಬರುತ್ತದೆಂಬುದು ನಮ್ಮ ಬಳ್ಳಾರಿಯ ಹಳೆಯ ನಂಬಿಕೆ. ಹಾಗಾಗಿ ಅತ್ತೆ ದಿನವೂ ಅವರನ್ನು "ಬಾಬೂ, ತಿನ್ನಾರಾ?" ಎಂದೇ ಊಟದ ವಿಚಾರ ಕೇಳುತ್ತಿದ್ದರು. ಅವರು ನಕ್ಕು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಉಳಿದ ಮಾತುಕತೆ ಅವರ ತುಂಡು ಇಂಗ್ಲಿಷು, ನಮ್ಮ ಮನೆಯವರ ಅನುವಾದ, ಇವೆರಡರ ಮೇಲೆ ನಡೆಯುತ್ತಿತ್ತು.

ಬಂಗಲೆಯ ಎದುರಿಗೆ ಬೇವಿನ ಮರದ ಕೆಳಗೆ ಒಂದು ಪುಟ್ಟ ಬಸವಣ್ಣನ ಗುಡಿ. ಗುಡಿಯ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಕಲ್ಲಿನ ದೀಪದ ಕಂಬ. ಒಂದು ಸಂಜೆ ಜಪಾನಿನ ಸಾಹೇಬರು ನಮ್ಮ ಜೊತೆ ಅಲ್ಲಿಗೆ ಬಂದರು. ನಲ್ಲಿಯಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಬಸವಣ್ಣನ ಮುಂದೆ ನಿಂತು ಎರಡು ಸಲ ಬಗ್ಗಿದರು. ಆಮೇಲೆ ಪಟ್ ಪಟ್ ಎಂದು ಎರಡು ಚಪ್ಪಾಳೆ ಹೊಡೆದರು.

ಅತ್ತೆ ಬೆಚ್ಚಿಬಿದ್ದು ಮಗನತ್ತ ತಿರುಗಿದರು. "ಯಾಕಲೇ ತಮ್ಮಾ, ಬಸವಣ್ಣಗ ಆಟಾ ತೋರಸ್ತಾನೇನು?"

ನಮ್ಮ ಮನೆಯವರು ಕೇಳಿ ಹೇಳಿದರು. "ನಾ ಬಂದೀನಿ ಅಂತ ದೇವ್ರಿಗೆ ಹೇಳೂದಂತ ಅದು. ನಾವು ಗಂಟಿ ಬಾರಸ್ತೀವಲ್ಲ, ಹಂಗ."

"ಯಾವ ಮಂದಿ ಅಂತ ಕೇಳು."

"ಶಿಂಟೋ ಅಂತ ಅವರ ಧರ್ಮ."

"ಲಿಂಗಾ ಕಟ್ಟತಾರೇನು?"

"ಇಲ್ಲ. ಗುಡ್ಡ, ಗಿಡ, ಹೊಳಿ, ಕಲ್ಲು, ಎಲ್ಲಾದರಾಗೂ ದೇವ್ರು ಅದಾನ ಅಂತಾರ."

ಅತ್ತೆ ತಲೆದೂಗಿ, "ಹಂಗಾರ ನಮ್ಮಂತಾವನ ಬಿಡು," ಅಂದರು. ಅಲ್ಲಿಗೆ ಆ ವಿಚಾರ ಬಗೆಹರಿಯಿತು.

ಅತ್ತೆಯ ತಲೆಯಲ್ಲಿ ಇದ್ದದ್ದು ಒಂದೇ. ಬೇರೆ ಊರಿನವನು, ಬೇರೆ ದೇವರು ಬಲ್ಲವನು, ನಮಗೆ ಗೊತ್ತಿಲ್ಲದ ಹರಕೆ ಏನಾದರೂ ಇವನ ಹತ್ತಿರ ಇದ್ದೀತು. ನನ್ನ ಪರೀಕ್ಷೆಯ ಕಷ್ಟವನ್ನು ಮಗನ ಮೂಲಕ ಹೇಳಿಸಿಯೇಬಿಟ್ಟರು. ನನಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋದಂತಾಯಿತು. ಸಾಹೇಬರು ಮಾತ್ರ ನಗಲಿಲ್ಲ. ದೀಪದ ಕಂಬವನ್ನು ಮುಟ್ಟಿ ನೋಡಿ, ತಮ್ಮೂರ ಗುಡಿಯ ಮುಂದೆಯೂ ಇಂಥ ಒಂದು ಕಲ್ಲಿದೆ ಅಂದರು. ಯಾರಿಗಾದರೂ ದೊಡ್ಡ ಕಷ್ಟ ಬಂದರೆ ಆ ಕಲ್ಲಿನಿಂದ ದೇವರ ತನಕ ಹೋಗಿ ಬೇಡಿಕೊಂಡು, ತಿರುಗಿ ಕಲ್ಲಿಗೆ ಬಂದು ಒಂದು ಹರಳು ಇಡುವುದು. ಹೀಗೆ ನೂರು ಸಲ. ಹಿಂದೆ ದಿನಕ್ಕೊಂದರಂತೆ ನೂರು ದಿನ ಮಾಡುತ್ತಿದ್ದರಂತೆ, ಅವಸರವಿದ್ದವರು ಒಂದೇ ದಿನಕ್ಕೆ ನೂರನ್ನೂ ಮುಗಿಸುವುದು ಆಮೇಲೆ ಬಂತಂತೆ. ಅವರು ಎಂಟು ವರ್ಷದವರಿದ್ದಾಗ ಜ್ವರ ಬಂದು ಸಾಯುವಂತಾಗಿದ್ದರು. ಆಗ ಅವರ ತಾಯಿ ಹಿಮದ ಮೇಲೆ ಬರಿಗಾಲಲ್ಲಿ ನೂರು ಸಲ ನಡೆದಳಂತೆ.

ನಾನು ಅತ್ತೆಯ ಮುಖ ನೋಡಿದೆ. ಅದು ಆಗಲೇ ಹೊಳೆಯುತ್ತಿತ್ತು. ಆಗಿಹೋಯಿತು ನನ್ನ ಕಥೆ ಅಂದುಕೊಂಡೆ.

"ನೂರ ಅಲ್ಲಾ? ನಮಗೇನು ಅವಸರ ಇಲ್ಲೇನು? ಒಂದ ದಿನಕ್ಕ ಮುಗಸೂಣು," ಅಂದರು.

ಮುಂದಿನ ಸೋಮವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿಸಿ ಅತ್ತೆ ನನ್ನನ್ನು ನಡೆಸಿದರು. ಐವತ್ತು ನಾನು, ಐವತ್ತು ನನ್ನ ಪರವಾಗಿ ಅವರು ಎಂದು ಮೊದಲು ಒಪ್ಪಂದವಾಗಿತ್ತು. ನಮ್ಮಲ್ಲಿ ಒಬ್ಬರ ಹರಕೆಯನ್ನು ಮನೆಯ ಇನ್ನೊಬ್ಬರು ತೀರಿಸುವುದು ಇದ್ದದ್ದೇ. ನಡೆಯತೊಡಗಿದ ಮೇಲೆ ಅತ್ತೆಗೆ ಹುರುಪು ಹೆಚ್ಚಾಗಿ, ಇಬ್ಬರೂ ನೂರು ನೂರು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗಾಲು ಬೊಬ್ಬೆಯೆದ್ದಿತ್ತು. ಮೂರು ದಿನ ಮಲಗಿಯೇ ಇದ್ದೆ. ಪುಸ್ತಕ ಮುಚ್ಚಿಯೇ ಇತ್ತು. ಅತ್ತೆ ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡು, "ಈ ಸಲ ಪಾಸಾದಂಗ," ಎಂದು ನೆಮ್ಮದಿಯಾಗಿದ್ದರು.

ನಾನು ಕುಂಟುತ್ತಾ ನೀರಿಗೆ ಹೋಗುವುದನ್ನು ಕಂಡು ಸಾಹೇಬರು ವಿಚಾರಿಸಿದರು. ವಿಷಯ ತಿಳಿದು ತಲೆ ಅಲ್ಲಾಡಿಸಿ ಒಂದು ಪ್ರಶ್ನೆ ಕೇಳಿದರು. "ದೇವರಿಗೆ ಏನು ಹೇಳಿದಿರಿ?"

"ಪಾಸ್ ಮಾಡಪಾ ಅಂತ ಹೇಳಿದೆ."

"ನೀವು ಏನು ಮಾಡುತ್ತೀರೆಂದು ಹೇಳಿದಿರಿ?"

ನಮ್ಮ ಮನೆಯವರು ಅದನ್ನು ಕನ್ನಡಕ್ಕೆ ತಂದು ನನ್ನ ಮುಖ ನೋಡಿದರು. ಸಿಕ್ಕಿಬಿದ್ದಾಗ ನನಗೆ ಬರುವುದು ಸಿಟ್ಟು. ನೂರು ಸಲ ನಡೆದು ಕಾಲು ಹರಿದುಕೊಂಡಿದ್ದು ಸಾಲದೇನು ಎಂದು ಗೊಣಗಿ, ಕೊಡ ಅಲ್ಲೇ ಕುಕ್ಕಿ ಒಳಗೆ ಹೋದೆ. ಪರದೇಶದವನ ಎದುರು ಹಾಗೆ ನಡೆದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಿದೆ. ಆದರೆ ಮಾತು ತಾಗಬೇಕಾದಲ್ಲೇ ತಾಗಿತ್ತು.

ಮಾರನೆಯ ದಿನ ಸಂಜೆ ಅವರೇ ನಮ್ಮ ಬಾಗಿಲಿಗೆ ಬಂದು ಕೂತರು. ತಾಯಿಯ ವಿಷಯ ಪೂರ್ತಿ ಹೇಳಲಿಲ್ಲವೆಂದರು. ನೂರು ಸಲ ನಡೆದ ಆ ತಾಯಿ ಪ್ರತಿಸಲವೂ ದೇವರ ಮುಂದೆ ನಿಂತು, ಬೆಳಗಾಗುತ್ತಲೇ ಗುಡ್ಡ ದಾಟಿ ವೈದ್ಯನನ್ನು ಕರೆತರುತ್ತೇನೆ, ದಾರಿಯಲ್ಲಿ ಹೆದರಿ ತಿರುಗುವುದಿಲ್ಲ, ನೀನು ನೋಡುತ್ತಾ ಇರು ಎಂದು ಮಾತು ಕೊಟ್ಟಿದ್ದಳಂತೆ. ನೂರು ಸಲ ಹೇಳಿದ ಮೇಲೆ ತಿರುಗಿ ಬರಲು ಮುಖವೆಲ್ಲಿಂದ ಬರಬೇಕು? ಹೋದಳು, ಕರೆತಂದಳು. ಎಲ್ಲರ ತಿಳಿವಳಿಕೆಯೂ ಹೀಗೆಯೇ ಎಂದು ತಾವು ಹೇಳುವುದಿಲ್ಲ, ತಮ್ಮ ತಾಯಿಯದು ಹೀಗಿತ್ತು ಅಂದರು.

ಆಮೇಲೆ ಒಂದು ಹಳೆಯ ಕಥೆ ಹೇಳಿದರು. ಸೂರ್ಯನೇ ಅವರಲ್ಲಿ ದೇವಿ. ಒಮ್ಮೆ ಅವಳು ತಮ್ಮನ ಉಪದ್ರವ ತಾಳದೆ ಗುಹೆಯೊಳಗೆ ಹೋಗಿ ಬಂಡೆ ಮುಚ್ಚಿಕೊಂಡಳು. ಲೋಕವೆಲ್ಲ ಕತ್ತಲು. ದೇವತೆಗಳೆಲ್ಲ ಗುಹೆಯ ಮುಂದೆ ಸೇರಿದರು. ಒಬ್ಬ ಸ್ತುತಿ ಹೇಳಿದ. ಆದರೆ ಉಳಿದವರು ಅದನ್ನು ಕೇಳುತ್ತಾ ನಿಲ್ಲಲಿಲ್ಲ. ಒಬ್ಬ ಕನ್ನಡಿ ಮಾಡಿದ, ಒಬ್ಬ ಮಣಿ ಪೋಣಿಸಿದ, ಕೋಳಿಗಳನ್ನು ತಂದು ಕೂಗಿಸಿದರು. ಒಬ್ಬಳು ಬಾನಿಯನ್ನು ಬೋರಲು ಹಾಕಿ ಅದರ ಮೇಲೆ ಧಡಧಡ ಕುಣಿದಳು. ದೇವತೆಗಳು ನಕ್ಕ ನಗುವಿಗೆ ಒಳಗಿದ್ದವಳಿಗೆ ತಡೆಯಲಾಗದೆ ಬಂಡೆ ಸರಿಸಿ ಇಣುಕಿದಳು. ಬಾಗಿಲ ಪಕ್ಕದಲ್ಲಿ ಅಡಗಿ ನಿಂತಿದ್ದ ಬಲಶಾಲಿ ದೇವತೆ ಕೈ ಹಿಡಿದು ಹೊರಗೆಳೆದ. ಬೆಳಕಾಯಿತು.

ಅತ್ತೆ ಕಥೆ ಮುಗಿಯುವ ತನಕ ಕಣ್ಣು ಮಿಟುಕಿಸಲಿಲ್ಲ. "ಅಂದ್ರ ದೇವ್ರುಗಳೂ ಬರೇ ಕೈ ಮುಗದು ಕುಂದರಲಿಲ್ಲ," ಅಂದರು ಮೆಲ್ಲಗೆ. "ಬಾನಿ ಮ್ಯಾಲೆ ಕುಣದಾರ, ಪಾಪ."

ಆ ರಾತ್ರಿ ಅವರು ಏನು ಯೋಚಿಸಿದರೋ ಗೊತ್ತಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಹುಕುಂ ಹೊರಡಿಸಿದರು. ಉಪವಾಸಗಳೆಲ್ಲ ರದ್ದು. ದಿನಾ ಬೆಳಿಗ್ಗೆ ಹತ್ತು ಸಲ ನಡೆಯುವುದು. ಆದರೆ ಒಂದು ನಡಿಗೆಗೆ ಒಂದು ಲೆಕ್ಕ. ಕಂಬದ ಬುಡದಲ್ಲಿ ಕೂತು ಪಾಟಿಯ ಮೇಲೆ ಲೆಕ್ಕ ಮಾಡಬೇಕು. ಸರಿಯಾದರೆ ಬಸವಣ್ಣನ ತನಕ ಹೋಗಿ, ಇಂಥ ಲೆಕ್ಕ ಮಾಡಿದೆನಪ್ಪಾ ಎಂದು ಹೇಳಿ ಬರಬೇಕು.

"ತಪ್ಪಾದ್ರ?" ಅಂದೆ.

"ತಪ್ಪಾದ್ರ ಯಾವ ಮಾರಿ ಹೊತ್ಕೊಂಡು ಹೋಗ್ತಿ ಆತನ ಹತ್ರ? ಕಂಬದ ಬುಡಕ್ಕ ಕುಂದ್ರು. ಇನ್ನೊಮ್ಮಿ ಮಾಡು."

ನಮ್ಮ ಮನೆಯವರು ಹಳೆಯ ಪ್ರಶ್ನೆಪತ್ರಿಕೆಗಳಿಂದ ನೂರು ಲೆಕ್ಕ ಆರಿಸಿ ನೂರು ಚೀಟಿ ಮಾಡಿದರು. ಒಂದು ಕಡೆ ಲೆಕ್ಕ, ಹಿಂದೆ ಉತ್ತರ. ಮೂಲೆಯಲ್ಲಿ ಒಂದರಿಂದ ನೂರರ ತನಕ ನಂಬರು. ಅವರು ಏಳಕ್ಕೇ ಆಫೀಸಿಗೆ ಹೋಗುವವರು. ಹಾಗಾದರೆ ಉತ್ತರ ನೋಡುವವರು ಯಾರು? ನಾನೇ ನೋಡಿಕೊಳ್ಳುತ್ತೇನೆಂದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ಚೀಟಿಗಳ ಚೀಲವನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೀಗೆ ಅಂಕಿ ಗೊತ್ತಿಲ್ಲದವರ ಕೈಗೆ ನನ್ನ ಗಣಿತ ಸಿಕ್ಕಿತು. ಅವರು ಮಾಡುತ್ತಿದ್ದದ್ದು ಇಷ್ಟೇ. ಪಾಟಿಯ ಮೇಲೆ ನಾನು ಬರೆದ ಉತ್ತರವನ್ನೂ ಚೀಟಿಯ ಹಿಂದಿನದನ್ನೂ ಪಕ್ಕಪಕ್ಕ ಹಿಡಿದು, ಸೀರೆಯ ಸೆರಗು, ಅಂಚು ಹೊಂದಿಸಿ ನೋಡುವ ಹಾಗೆ ನೋಡುವುದು. ಗೀಟು ಗೀಟಿಗೆ ಹೊಂದಬೇಕು. ಒಂದು ಬಾಲ ಹೆಚ್ಚಿದ್ದರೂ, "ಅದರಂಗ ಇಲ್ಲ. ಅಳಸು," ಅನ್ನುವರು. ಮೊದಲ ವಾರ ಹತ್ತು ಲೆಕ್ಕದಲ್ಲಿ ಎರಡು ಸರಿಯಾದರೆ ಹೆಚ್ಚು. ಹಾಲಿನವನು, ಹೂವಿನವಳು ಎಲ್ಲ ನಿಂತು ನೋಡಿ ಹೋಗುವರು. ಇಪ್ಪತ್ತಾರು ವರ್ಷದ ಹೆಂಗಸು ಕಂಬದ ಬುಡದಲ್ಲಿ ಪಾಟಿ ಹಿಡಿದು ಕೂತು ಅಳುವುದು, ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. ನೋಡಿದವರಿಗೆ ಅದು ಸೊಸೆಗೆ ಕೊಡುವ ಕಾಟವೆಂದೇ ಅನ್ನಿಸಿರಬೇಕು.

ಸಿಟ್ಟು ನೆತ್ತಿಗೇರಿದ್ದು ಒಂದು ಭಿನ್ನರಾಶಿಯ ಲೆಕ್ಕದಲ್ಲಿ. ನಾನು ಉತ್ತರವನ್ನು ದಶಮಾಂಶದಲ್ಲಿ, ಸೊನ್ನೆ ಬಿಂದು ಐದು ಎಂದು ಬರೆದೆ. ಚೀಟಿಯಲ್ಲಿ ಒಂದರ ಕೆಳಗೆ ಎರಡು ಇತ್ತು.

"ಅದರಂಗ ಇಲ್ಲ," ಅಂದರು ಅತ್ತೆ.

"ಎರಡೂ ಒಂದೇ ಅತ್ತೀ!"

"ಒಂದ ಆದ್ರ ಯಾಕ ಎರಡ ತರಾ ಬರೀತೀರಿ?"

"ನಿಮಗ ತಿಳಿಯಾಂಗಿಲ್ರಿ."

"ತಿಳಿಯಾಂಗ ಹೇಳು. ನಿನಗ ತಿಳಿದಿದ್ರ ಹೇಳಾಕ ಬರತೈತಿ."

ಪಾಟಿಯನ್ನು ಎತ್ತಿ ಬಡಿಯಬೇಕೆನ್ನಿಸಿತು. ಮನೆಗೆ ಎದ್ದುಹೋದೆ. ಅತ್ತೆ ಕಂಬದ ಹತ್ತಿರ ಕದಲದೆ ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ನಾನೇ ಒಂದು ಜೋಳದ ರೊಟ್ಟಿ ತಂದು ಅವರ ಮುಂದೆ ಮುರಿದೆ. ಎರಡು ಪಾಲು ಮಾಡಿ ಒಂದು ಕೊಟ್ಟೆ. ಆಮೇಲೆ ಇನ್ನೊಂದು ರೊಟ್ಟಿಯನ್ನು ಹತ್ತು ತುಂಡು ಮಾಡಿ ಐದು ಕೊಟ್ಟೆ. ಅತ್ತೆ ಎರಡೂ ಕೈ ನೋಡಿಕೊಂಡರು. ನಾನೂ ನೋಡಿದೆ. ನಿಜ ಹೇಳಬೇಕೆಂದರೆ, ಹತ್ತರಲ್ಲಿ ಐದು, ಎರಡರಲ್ಲಿ ಒಂದು ಎಂಬುದು ನನಗೂ ಕಣ್ಣಿಗೆ ಕಂಡದ್ದು ಆಗಲೇ. ಅದುವರೆಗೆ ನಾನು ಬಿಂದುವನ್ನು ಎಲ್ಲಿಡಬೇಕೆಂದು ಬಾಯಿಪಾಠ ಮಾಡಿದ್ದೆ, ಯಾಕಿಡಬೇಕೆಂದು ತಿಳಿದಿರಲಿಲ್ಲ. ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹೋಗು, ಬಸವಣ್ಣಗ ಹೇಳಿ ಬಾ," ಅಂದರು. ಆ ಇಪ್ಪತ್ತು ಹೆಜ್ಜೆಯನ್ನು ನಾನು ಓಡಿಯೇ ದಾಟಿದೆ.

ಅಲ್ಲಿಂದ ಗಾಡಿ ಹಳಿಗೆ ಬಂತು. ಅತ್ತೆಗೆ ಹೇಳಿಕೊಡಲು ಬಂದರೆ ಮಾತ್ರ ಆ ಲೆಕ್ಕ ನನ್ನದಾಯಿತೆಂದು ನಾನೇ ನಿಯಮ ಮಾಡಿಕೊಂಡೆ. ಬಡ್ಡಿ, ಪ್ರಮಾಣ, ಬೀಜಗಣಿತದ ಸಮೀಕರಣ, ಎಲ್ಲವೂ ರೊಟ್ಟಿ, ಬದನೆಕಾಯಿ, ತಕ್ಕಡಿಗಳ ಮೇಲೆ ಇಳಿದವು. ರೇಖಾಗಣಿತದ ಪ್ರಮೇಯಗಳನ್ನು ಚೀಟಿಯಲ್ಲಿ ಹಿಡಿಸಲಾಗದು. ಅವನ್ನು ನಡೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದೆ. ಬಸವಣ್ಣ ತ್ರಿಕೋನಗಳನ್ನು ಕೇಳಿ ಕೇಳಿ ಬೇಸತ್ತಿರಬೇಕು. ಹತ್ತು ದಿನಕ್ಕೆ ನೂರು ಮುಗಿಯಬೇಕಿತ್ತು, ಮೊದಲ ನೂರಕ್ಕೆ ಒಂದು ತಿಂಗಳೇ ಹಿಡಿಯಿತು. ಎರಡನೆಯ ನೂರು ಹದಿನೈದು ದಿನದಲ್ಲಿ ಮುಗಿಯಿತು. ಆಮೇಲೆ ಅತ್ತೆ ಚೀಟಿ ಬದಲಿಸಿ ಹೊಸದು ಬರೆಸಿದರು. ಚೀಟಿಗಳು ಚೀಲದಲ್ಲಿ ಕಲೆತುಹೋದರೆ ತಾವೇ ಹಾಸಿಗೆಯ ಮೇಲೆ ಹರಡಿ ನಂಬರಿನ ಸಾಲು ಹಿಡಿದು ಜೋಡಿಸುವರು. ನಾನದನ್ನು ಕಂಡೂ ಹೆಚ್ಚು ಗಮನಿಸಲಿಲ್ಲ. ನನ್ನ ಕಣ್ಣೆಲ್ಲ ನನ್ನ ಪರೀಕ್ಷೆಯ ಮೇಲೇ ಇತ್ತು.

ಬೇಡುವುದು ನಿಂತುಹೋದದ್ದು ಯಾವಾಗ ಎಂಬುದೂ ನನಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಬಸವಣ್ಣನ ಮುಂದೆ ನಿಂತಾಗ, ಇವತ್ತು ಹತ್ತಕ್ಕೆ ಹತ್ತು, ನಾಳೆ ಸಮೀಕರಣ ಹಿಡಿಯುತ್ತೇನೆ, ನೋಡ್ತಾ ಇರು ಎಂದು ಹೇಳಿ ತಿರುಗಿದೆ. ಅರ್ಧ ದಾರಿಗೆ ಬಂದ ಮೇಲೆ ಹೊಳೆಯಿತು, ಪಾಸು ಮಾಡು ಅನ್ನುವುದನ್ನೇ ಮರೆತಿದ್ದೆ. ಹಿಂದಕ್ಕೆ ಹೋಗಿ ಹೇಳಬೇಕೆನ್ನಿಸಲಿಲ್ಲ. ಅಂಥ ಖುಷಿ ಉಪವಾಸದ ಒಂದು ದಿನವೂ ನನಗೆ ಸಿಕ್ಕಿರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಸಾಹೇಬರ ಕೆಲಸ ಮುಗಿಯಿತು. ಹೊರಡುವ ದಿನ ಗುಡಿಗೆ ಬಂದು ಚಪ್ಪಾಳೆ ಹೊಡೆದು ನಿಂತರು. ಏನು ಕೇಳಿಕೊಂಡಿರೆಂದು ಅತ್ತೆ ವಿಚಾರಿಸಿದರು. ಏನೂ ಕೇಳಲಿಲ್ಲ, ಇಷ್ಟು ದಿನ ನೆರಳು ಕೊಟ್ಟೆ, ಹೋಗಿ ಬರುತ್ತೇನೆಂದೆ, ಅಂದರು. ನಾನು ಕೊಡ ಕುಕ್ಕಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ನಮ್ಮ ಮನೆಯವರ ಕಡೆಯಿಂದ ಹೇಳಿಸಲು ಮುಜುಗರವಾಗಿ, ಸೊಂಟ ಬಗ್ಗಿಸಿ ನಿಂತೆ. ಅವರೂ ಬಗ್ಗಿದರು. ಅತ್ತೆಯೂ ಬಗ್ಗಿದರು. ಜೀಪಿನ ಚಾಲಕ ಹಾರನ್ ಹೊಡೆಯುವ ತನಕ ಮೂವರೂ ಹಾಗೆಯೇ ಇದ್ದೆವು.

ಅಕ್ಟೋಬರಿನ ಪರೀಕ್ಷೆಯೂ ಸಿರುಗುಪ್ಪದಲ್ಲೇ, ಅದೇ ಶಾಲೆಯಲ್ಲೇ ಬಂತು. ಹಿಂದಿನ ದಿನವೇ ಹೋಗಿ ಅತ್ತೆಯ ಅಣ್ಣನ ಮನೆಯಲ್ಲಿ ಇಳಿದೆವು. ಬೆಳಿಗ್ಗೆ ಅತ್ತೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿ, ನಾನು ಎರಡು ರೊಟ್ಟಿ ಮುಗಿಸುವ ತನಕ ಎದ್ದೇಳಲು ಬಿಡಲಿಲ್ಲ. ಕೊಠಡಿಯ ಬಾಗಿಲಲ್ಲಿ ಅದೇ ಮುದುಕ ಮೇಷ್ಟ್ರು ನಿಂತಿದ್ದರು. ನನ್ನನ್ನು ನೋಡಿದ್ದೇ ಗಾಬರಿಯಾಗಿ, "ಇವತ್ತೂ ಉಪಾಸೇನವಾ?" ಅಂದರು.

"ಇಲ್ರಿ. ಗಟ್ಟಿ ಉಂಡು ಬಂದೀನಿ."

"ಅಬ್ಬಾ, ಅರ್ಧ ಪಾಸಾದಿ ಬಿಡು."

ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಲೆಕ್ಕ ಓದಿದೆ. ಇದನ್ನು ಅತ್ತೆಗೆ ಹೇಗೆ ಹೇಳುತ್ತಿದ್ದೆ ಎಂದು ಕೇಳಿಕೊಂಡೆ. ದಾರಿ ತೆರೆಯಿತು. ಬರೆದು ಮುಗಿಸಿ, ಉತ್ತರಕ್ಕೆ ಅಡಿಗೆರೆ ಎಳೆದು, ಮನಸ್ಸಿನಲ್ಲೇ ಇಪ್ಪತ್ತು ಹೆಜ್ಜೆ ನಡೆದು ಬಸವಣ್ಣನಿಗೆ ಹೇಳಿ ಬಂದೆ. ಎರಡನೆಯದು. ಮೂರನೆಯದು. ಕೊನೆಯ ಗಂಟೆ ಬಾರಿಸುವ ಹೊತ್ತಿಗೆ ಒಂದೂ ಬಿಡದೆ ಬರೆದು, ಎರಡು ಸಲ ತಾಳೆ ನೋಡಿಯೂ ಆಗಿತ್ತು. ಹೊರಗೆ ಹುಣಸೆ ಮರದ ಕೆಳಗೆ ಅತ್ತೆ ಕೂತಿದ್ದರು. ಹೇಗಾಯಿತೆಂದು ಕೇಳಲಿಲ್ಲ. ನನ್ನ ನಡಿಗೆ ನೋಡಿಯೇ ಎದ್ದು ನಿಂತು ಸೆರಗು ಕೊಡವಿಕೊಂಡರು.

ಫಲಿತಾಂಶ ಬರುವ ದಿನಗಳಲ್ಲಿ ನನ್ನ ಧೈರ್ಯವೆಲ್ಲ ಇಂಗಿಹೋಯಿತು. ಆಗ ಪಾಸಾದವರ ನಂಬರುಗಳು ಪೇಪರಿನಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ಮೊದಲೆರಡು ಸಲ ಇಲ್ಲದ ನಂಬರನ್ನು ಹುಡುಕಿದವಳು ನಾನು. ಆ ಸಾಲಿನಲ್ಲಿ ಬೆರಳು ಇಳಿಯುತ್ತಾ ಹೋಗಿ ತನ್ನದು ಬರಬೇಕಾದಲ್ಲಿ ಮುಂದಿನದು ಬಂದಾಗ ಆಗುವ ಸಂಕಟ ನನಗೆ ಗೊತ್ತು. ಪೇಪರು ಬಂದ ದಿನ ನಮ್ಮ ಮನೆಯವರು ಕೆಲಸದ ಮೇಲೆ ಊರಲ್ಲಿರಲಿಲ್ಲ. ನಾನು ಪೇಪರಂಗಡಿಯ ದಾರಿ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋದೆ. ಹಾಲ್‌ಟಿಕೆಟ್ಟನ್ನೂ ಚೀಲದಲ್ಲೇ ಒಯ್ದಿದ್ದೆ, ಮನೆಯಲ್ಲಿದ್ದರೆ ಅತ್ತೆ ಯಾರಿಗಾದರೂ ತೋರಿಸಿ ಕೇಳಿಯಾರೆಂದು.

ಎರಡನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಮೂರರ ಮಗ್ಗಿ ಹೇಳಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ. ಹುಟ್ಟಿದ ಮೇಲೆ ಒಂದು ದಿನವೂ ತರಗತಿಯೊಳಗೆ ಕಾಲಿಡದ ಹೆಂಗಸು ಚಪ್ಪಲಿ ಹೊರಗೆ ಬಿಟ್ಟು, ಹೊಸಿಲಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು, ಒಳಗೆ ಬಂದರು. ಕೈಯಲ್ಲಿ ಮಡಿಸಿದ ಪೇಪರು. ಒಂದು ಜಾಗದ ಮೇಲೆ ಬೆರಳು ಒತ್ತಿ ಹಿಡಿದಿದ್ದರು. ಅಂಗಡಿಯಿಂದ ಅಲ್ಲಿಯ ತನಕ ಆ ಬೆರಳು ತೆಗೆದೇ ಇಲ್ಲವೆಂದು ಆಮೇಲೆ ಹೇಳಿದರು.

"ಇಲ್ಲಿ ನೋಡು. ನಿನ್ನ ನಂಬರು."

ನೋಡಿದೆ. ನಲವತ್ತು ಸಾವಿರದ ಏಳುನೂರ ಹದಿನಾರು. ಚೀಲದಿಂದ ಹಾಲ್‌ಟಿಕೆಟ್ ತೆಗೆದೆ. ಪಕ್ಕಪಕ್ಕ ಹಿಡಿದೆ. ಗೀಟು ಗೀಟಿಗೆ ಹೊಂದಿತು. ಪಾಸಾಗಿದ್ದೆ. ಈ ಮಕ್ಕಳು ನನ್ನವರಾಗಿಯೇ ಉಳಿಯುತ್ತಾರೆ ಎಂಬುದು ಮೊದಲು ಹೊಳೆಯಿತು. ಆಮೇಲೆ ಇನ್ನೊಂದು ಹೊಳೆಯಿತು.

"ಯಾರು ತೋರಸಿದ್ರತ್ತೀ ನಿಮಗ?"

"ಯಾರು ತೋರಸಬೇಕು?"

"ಹಾಲ್‌ಟಿಕೆಟ್ ನನ್ನ ಹತ್ರ ಐತಿ. ನಂಬರು ನಿಮಗ ಹೆಂಗ ಗೊತ್ತಾತು?"

"ಪರೀಕ್ಷಾ ದಿನ ಸಿರುಗುಪ್ಪದಾಗ ಓದಿದ್ದೆ. ತಲ್ಯಾಗಿತ್ತು. ಇವತ್ತು ಅಂಗಡಿ ಮುಂದ ನಿಂತು ಹುಡುಕಿದೆ. ಅಂಗಡಿಯಾತ ಹೇಳತೀನಿ ಕೊಡಮ್ಮ ಅಂದ. ಬ್ಯಾಡಪಾ ಅಂದೆ. ನಾನ ಓದೀನಿ."

ನಾನು ಅತ್ತುಬಿಟ್ಟೆ. ನಗುವೂ ಬಂತು. ಹೆಮ್ಮೆಗೆ ಎದೆ ಸಾಲದಾಯಿತು. ನನ್ನ ಉತ್ತರಗಳನ್ನು ತಿಂಗಳುಗಟ್ಟಲೆ ಹೊಂದಿಸಿ ನೋಡುತ್ತಾ ಈ ಹೆಂಗಸು, ಯಾರಿಗೂ ಹೇಳದೆ, ಕಂಬದ ಬುಡದಲ್ಲೇ ಅಂಕಿ ಓದಲು ಕಲಿತಿದ್ದರು. ಟೀಚರ್ ಅಳುವುದನ್ನು ಕಂಡು ಮಕ್ಕಳು ಮಗ್ಗಿ ನಿಲ್ಲಿಸಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಇವರ್ಯಾರ್ರಿ ಟೀಚರ್?" ಅಂದಳು.

"ನನಗೆ ಗಣಿತ ಕಲಿಸಿದವರು," ಅಂದೆ.

ಅತ್ತೆ ಸಂಕೋಚಪಡಲಿಲ್ಲ. ಪೇಪರನ್ನು ಕಂಕುಳಲ್ಲಿ ಇರುಕಿಕೊಂಡು, ನನ್ನ ಕೈಯಿಂದ ಸುಣ್ಣದ ಬಳಪ ತೆಗೆದುಕೊಂಡು ಹಲಗೆಯ ಹತ್ತಿರ ಹೋದರು. ಅವರು ಬಳಪ ಹಿಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದೊಂದು ಅಂಕಿಗೂ ನಿಂತು, ಹಿಂದೆ ಸರಿದು ನೋಡಿ, ಮತ್ತೆ ಮುಂದಿನದು ಬರೆದರು. ಸೊನ್ನೆ ಸೊಟ್ಟಗಾಯಿತು. ಒರೆಸಿ ಇನ್ನೊಮ್ಮೆ ಬರೆದರು. ಐದು ಅಂಕಿ ಮುಗಿದ ಮೇಲೆ ಮಕ್ಕಳ ಕಡೆ ತಿರುಗಿ ಗದ್ದ ಎತ್ತಿದರು. ಮಕ್ಕಳು ಒಂದೇ ಉಸಿರಿಗೆ ಓದಿದರು.

"ನಾಲ್ಕು, ಸೊನ್ನೆ, ಏಳು, ಒಂದು, ಆರು!"

"ಇನ್ನೊಮ್ಮಿ," ಅಂದರು ಅತ್ತೆ. "ಜೋರಾಗಿ ಅನ್ರಿ."